‘ಬರೀ ಸ್ಯಾಂಪಲ್ ತೆಗೀತೀವಿ’ ಅಂದವರಿಗೆ ಸಹಿ ಹಾಕಬೇಡಿ: ನುಗ್ಗೇಹಳ್ಳಿ ಸೀಮೆಯ ರೈತರಿಗೆ ಎಚ್ಚರಿಕೆ

ಚನ್ನರಾಯಪಟ್ಟಣ ತಾಲ್ಲೂಕಿನ ನುಗ್ಗೇಹಳ್ಳಿ ಹೋಬಳಿಯಲ್ಲೋ ಅಲ್ಲಿಂದ ಅರಸೀಕೆರೆ ಕಡೆಗೆ ಹೋಗುವ ಹಳ್ಳಿಗಳಲ್ಲೋ ಜಮೀನು ಇರುವವರು ಇದನ್ನು ಪೂರ್ತಿ ಓದಿ. ಎರಡೂಕಾಲು ಎಕರೆ ಖುಷ್ಕಿ, ಬದುವಿನ ಮೇಲೆ ಒಂದಿಷ್ಟು ತೆಂಗು ಇರುವ ರೈತರೊಬ್ಬರು, ಖನಿಜದ ಸ್ಯಾಂಪಲ್ ತೆಗೆಯುವ ನೆಪದಲ್ಲಿ ಬಂದವರ ಮಾತಿಗೆ ಸಿಕ್ಕಿ ಕೆಟ್ಟ ಪ್ರಕರಣ ಇದು. ಊರಿನ ಹೆಸರಾಗಲಿ, ಬಂದ ಕಂಪನಿಯ ಹೆಸರಾಗಲಿ ಇಲ್ಲಿ ಬೇಡ. ಹೇಗೆಂದರೂ ಇವರು ಮುಂದಿನ ಹಳ್ಳಿಗೆ ಹೋಗುವಾಗ ಬೋರ್ಡು ಬದಲಿಸಿಕೊಂಡೇ ಹೋಗುತ್ತಾರೆ.

ಮಾತು ಶುರುವಾಗುವುದು ದೇಶದಿಂದ. ‘ಯಜಮಾನ್ರೇ, ಕೇಂದ್ರ ಸರ್ಕಾರ ಸಾವಿರಾರು ಕೋಟಿ ಇಟ್ಟೈತೆ. ನಿಮ್ಮ ಹೊಲದಲ್ಲಿ ವೆನೇಡಿಯಂ ಮಡಿಕ್ಕಂಡು ರಾಗಿ ಬಿತ್ತಾ ಇದ್ದೀರಲ್ಲ!’ ವೆನೇಡಿಯಂ ಅಂದರೆ ಉಕ್ಕು ಗಟ್ಟಿ ಮಾಡಲು ಬೆರೆಸುವ ಲೋಹ. ಅವರ ಮಾತಿನಲ್ಲಿ ಅರ್ಧ ನಿಜ. 2025ರ ಜನವರಿಯಲ್ಲಿ ಒಪ್ಪಿಗೆ ಸಿಕ್ಕ ರಾಷ್ಟ್ರೀಯ ನಿರ್ಣಾಯಕ ಖನಿಜ ಮಿಷನ್‌ಗೆ ಸರ್ಕಾರ 16,300 ಕೋಟಿ ರೂಪಾಯಿ ಇಟ್ಟಿದೆ. ನುಗ್ಗೇಹಳ್ಳಿಯ ಶಿಲಾಪಟ್ಟಿಯೂ ಸುಳ್ಳಲ್ಲ. ಸುಮಾರು 60 ಕಿಲೋಮೀಟರ್ ಉದ್ದ, ಅಗಲ ಮಾತ್ರ ಹೆಚ್ಚೆಂದರೆ 2 ಕಿಲೋಮೀಟರ್, ವಯಸ್ಸು 310 ಕೋಟಿ ವರ್ಷದ ಆಸುಪಾಸು. ಬೈರಾಪುರದ ಕ್ರೋಮೈಟ್, ಅಂದರೆ ಕ್ರೋಮಿಯಂ ಅದಿರು, ಇದರಲ್ಲೇ ಸಿಕ್ಕಿದ್ದು. ಟೈಟಾನಿಯಂ, ವೆನೇಡಿಯಂ ಬೆರೆತ ಮ್ಯಾಗ್ನಟೈಟ್ ಎಂಬ ಕಬ್ಬಿಣದ ಅದಿರು ಕೂಡ ಇದೇ ಪಟ್ಟಿಯಲ್ಲಿದೆ. ಅರ್ಧ ನಿಜವಿರುವುದರಿಂದಲೇ ಜನ ನಂಬುವುದು.

ಆಮೇಲೆ ಚೀಲದಿಂದ ಗನ್ ಹೊರಗೆ ಬರುತ್ತದೆ. ಕೈಯಲ್ಲಿ ಹಿಡಿಯುವ ಎಕ್ಸ್‌ಆರ್‌ಎಫ್ ಯಂತ್ರ, ಅಂದರೆ ಕಲ್ಲಿಗೆ ಎಕ್ಸ್‌ರೇ ಬಿಟ್ಟು ಅದರಲ್ಲಿ ಯಾವ ಧಾತು ಎಷ್ಟಿದೆ ಎಂದು ಹೇಳುವಂಥದು, ನೋಡಲು ಡ್ರಿಲ್ಲಿಂಗ್ ಮೆಷಿನ್ನಿನ ಹಾಗೆ. ಕಪ್ಪು ಕಲ್ಲಿಗೆ ಒತ್ತಿದರೆ ಅರೆ ನಿಮಿಷದಲ್ಲಿ ಪರದೆಯ ಮೇಲೆ ಅಂಕಿ ಮೂಡುತ್ತದೆ. ಯಂತ್ರ ನಕಲಿಯಲ್ಲ, ಮೋಸ ಇರುವುದು ಅದನ್ನು ಓದಿ ಹೇಳುವ ರೀತಿಯಲ್ಲಿ. ಮೊದಲನೆಯದಾಗಿ ಅದು ನೋಡುವುದು ಒಂದು ಸೆಂಟಿಮೀಟರಿನಷ್ಟು ಅಗಲದ ಮೇಲ್ಮೈಯನ್ನು ಮಾತ್ರ. ಆರಿಸಿ ತಂದ ಕಲ್ಲಿನ ಆರಿಸಿದ ಮೂಲೆಗೆ ಒತ್ತಿದರೆ ಎಂಥ ಅಂಕಿ ಬೇಕಾದರೂ ಬರುತ್ತದೆ. ಎರಡನೆಯದು, ನಮ್ಮ ಸೀಮೆಗೇ ಅಂಟಿಕೊಂಡ ತೊಡಕು. ಟೈಟಾನಿಯಂ ಹೊರಸೂಸುವ ಒಂದು ಎಕ್ಸ್‌ರೇ ಗೆರೆ 4.93 ಕಿಲೋ ಎಲೆಕ್ಟ್ರಾನ್ ವೋಲ್ಟ್‌ನಲ್ಲಿದೆ, ವೆನೇಡಿಯಂನ ಮುಖ್ಯ ಗೆರೆ 4.95ರಲ್ಲಿ. ಎರಡೂ ಒಂದರ ಮೇಲೊಂದು ಬೀಳುತ್ತವೆ. ಟೈಟಾನಿಯಂ ತುಂಬಿದ ಇಲ್ಲಿನ ಮ್ಯಾಗ್ನಟೈಟ್‌ಗೆ ಸರಿಯಾದ ತಿದ್ದುಪಡಿ ಇಲ್ಲದೆ ಗನ್ ಹಿಡಿದರೆ, ಇಲ್ಲದ ವೆನೇಡಿಯಂ ಇದೆ ಅಂತ ತೋರಿಸುತ್ತದೆ, ಇರುವುದನ್ನು ಹೆಚ್ಚಿಸಿ ತೋರಿಸುತ್ತದೆ. ಅದೇ ರೀತಿ ವೆನೇಡಿಯಂನ ಇನ್ನೊಂದು ಗೆರೆ ಕ್ರೋಮಿಯಂನ ಮುಖ್ಯ ಗೆರೆಯ ಮೇಲೆ ಬೀಳುತ್ತದೆ. ಮೂರನೆಯದು ಲೆಕ್ಕದ ಕಳ್ಳಾಟ. ಅದಿರಿನ ದರ್ಜೆ ಹೇಳುವುದು ಕ್ರೋಮಿಯಂ ಆಕ್ಸೈಡ್ ಲೆಕ್ಕದಲ್ಲಿ; ಗನ್ ಸಾಮಾನ್ಯವಾಗಿ ತೋರಿಸುವುದು ಬರೀ ಕ್ರೋಮಿಯಂ. ಪರಿವರ್ತನೆಗೆ 1.46ರಿಂದ ಗುಣಿಸಬೇಕು, ಅಂದರೆ ಶೇಕಡಾ 20 ಇದ್ದದ್ದು 29 ಆಗುತ್ತದೆ. ಈ ಪ್ರಕರಣದ ‘ವರದಿ’ಯಲ್ಲಿ ಆಕ್ಸೈಡ್ ಅಂಕಿಯನ್ನೇ ಮತ್ತೊಮ್ಮೆ 1.46ರಿಂದ ಗುಣಿಸಿದ್ದರು, 29 ಇದ್ದದ್ದು 42 ಆಗಿತ್ತು.

ಅಂಕಿ ಸರಿಯಾಗಿಯೇ ಇದ್ದರೂ ಅದರಿಂದ ನಿಕ್ಷೇಪ ಇದೆ ಅಂತಾಗುವುದಿಲ್ಲ. ಇಲ್ಲಿನ ಕ್ರೋಮೈಟ್ ಹಾಸುಬಂಡೆಯಂತೆ ಹಬ್ಬಿಲ್ಲ. ಮೂಲ ಪದರಗಳು ಭೂಮಿಯ ಒತ್ತಡಕ್ಕೆ ಮಡಚಿ, ಹರಿದು, ಗೆಣಸಿನ ಗೆಡ್ಡೆಯ ಹಾಗೆ ಬಿಡಿಬಿಡಿಯಾಗಿ ಕೂತಿವೆ. ನಡುವೆ ದಪ್ಪ, ತುದಿಗೆ ಹೋಗುತ್ತ ಸಣ್ಣ, ಕೆಲವು ಮೀಟರಿನಲ್ಲಿ ಮಾಯ. ಹೊಲದ ಮೇಲೆ ಬಿದ್ದ ಒಂದು ಒಳ್ಳೆಯ ಕಲ್ಲು, ಕೆಳಗೆ ಏನಿದೆ ಎಂಬುದಕ್ಕೆ ಸಾಕ್ಷಿಯಲ್ಲ. ಕಪ್ಪಗೆ ಭಾರವಾಗಿದೆ ಎಂದ ಮಾತ್ರಕ್ಕೆ ಕ್ರೋಮೈಟ್ ಕೂಡ ಅಲ್ಲ. ಮೆರುಗಿಲ್ಲದ ಪಿಂಗಾಣಿ ಬಿಲ್ಲೆಗೆ, ಅಂದರೆ ಟೈಲ್ಸಿನ ಹಿಂಬದಿಗೆ ಉಜ್ಜಿ ನೋಡಿ: ಗೆರೆ ಕಂದು ಬಂದರೆ ಕ್ರೋಮೈಟ್ ಇರಬಹುದು, ಕಪ್ಪು ಬಂದು ಅಯಸ್ಕಾಂತ ಗಟ್ಟಿಯಾಗಿ ಹಿಡಿದರೆ ಮ್ಯಾಗ್ನಟೈಟ್.

ಗನ್ ನಂತರದ ಸರದಿ ಕಾಗದದ್ದು. ಛಾಪಾ ಕಾಗದದ ಮೇಲೆ ‘ಮಾದರಿ ಸಂಗ್ರಹಣಾ ಕರಾರು’, ನೋಟರಿ ಮುದ್ರೆ, ಒಂದು ಲಕ್ಷ ಮುಂಗಡ. ಕರಾರಿನ ಒಳಗೆ ಮೂರು ವಾಕ್ಯ ಅಡಗಿತ್ತು. ‘ಪರೀಕ್ಷೆಗೆ ಅಗತ್ಯವಿರುವಷ್ಟು ಪ್ರಮಾಣ’, ಅಂದರೆ ಮಿತಿಯೇ ಇಲ್ಲ. ‘ಭೂಮಾಲೀಕರು ಸ್ವಇಚ್ಛೆಯಿಂದ ಕಲ್ಲನ್ನು ಮಾರಿರುತ್ತಾರೆ’. ಕೊನೆಗೆ, ‘ಯಾವುದೇ ಇಲಾಖೆಯಿಂದ ತಕರಾರು ಬಂದಲ್ಲಿ ಭೂಮಾಲೀಕರೇ ಹೊಣೆ’. ಎರಡನೆಯ ವಾಕ್ಯವೇ ಕುತ್ತಿಗೆಗೆ ಬರುವಂಥದು. ಕರ್ನಾಟಕ ಭೂಕಂದಾಯ ಕಾಯ್ದೆಯ 70ನೇ ಕಲಂ ಪ್ರಕಾರ ನೆಲದಡಿಯ ಖನಿಜದ ಹಕ್ಕು ಸರ್ಕಾರದ್ದು. ಪಹಣಿಯಲ್ಲಿ ನಿಮ್ಮ ಹೆಸರಿದ್ದರೂ ಖನಿಜ ನಿಮ್ಮದಲ್ಲ. ನಿಮ್ಮದಲ್ಲದ್ದನ್ನು ಮಾರಿದೆ ಎಂದು ನೀವೇ ಸಹಿ ಹಾಕಿ ಕೊಟ್ಟಂತಾಯಿತು.

ಹಿಟಾಚಿ ಬಂತು. ಕಪ್ಪು ಕಲ್ಲಿನ ಹೆಸರು ಹೇಳಿ ಬಂದವರು ತೋಡಿದ್ದು ಹೊಲದ ಮೂಲೆಯಲ್ಲಿದ್ದ ಬಿಳಿ ಬೆಣಚು ಕಲ್ಲಿನ ಎಳೆಯನ್ನು. ವೆನೇಡಿಯಂ ಮಾತು ಬರೀ ಪರದೆ. ಬೆಣಚಿಗೆ ಗಾಜು, ಫೆರೋಸಿಲಿಕಾನ್ ಕಾರ್ಖಾನೆಗಳ ಕಡೆ ಕೂಡಲೇ ಗಿರಾಕಿ ಸಿಗುತ್ತದೆ. ಗುಂಡಿಯ ಅಳತೆ 25 ಮೀಟರ್ ಉದ್ದ, 6 ಅಗಲ, 3 ಆಳ. ಎಳೆಯ ದಪ್ಪ ಒಂದೂವರೆ ಮೀಟರ್ ಎಂದು ಹಿಡಿದರೆ ತೆಗೆದ ಬೆಣಚು 112 ಘನ ಮೀಟರ್. ಸಾಂದ್ರತೆ 2.65ರಂತೆ ಸುಮಾರು 300 ಟನ್, ಹತ್ತು ಚಕ್ರದ ಟಿಪ್ಪರಿನಲ್ಲಿ ಹದಿನೇಳು ಹದಿನೆಂಟು ಲೋಡು.

ನಿಜವಾದ ಸ್ಯಾಂಪಲ್ ಎಷ್ಟಿರುತ್ತದೆ? ಎಳೆಗೆ ಅಡ್ಡಲಾಗಿ 10 ಸೆಂ.ಮೀ. ಅಗಲ, 5 ಸೆಂ.ಮೀ. ಆಳದ ಕಾಲುವೆ ಕೊರೆದು ತೆಗೆದರೆ ಮೀಟರಿಗೆ 13 ಕಿಲೋ. ಒಂದೂವರೆ ಮೀಟರಿನ ಎಳೆಗೆ ಒಂದು ಚೀಲ, 20 ಕಿಲೋ. ಐದು ಕಡೆ ತೆಗೆದರೂ 100 ಕಿಲೋ. ಜೀಪಿನ ಹಿಂದೆ ಹಾಕಿಕೊಂಡು ಹೋಗಬಹುದು. ಆಳ ನೋಡಬೇಕಾದರೆ ಕೋರ್ ಡ್ರಿಲ್ಲಿಂಗ್ ಮಾಡುತ್ತಾರೆ. ಕಲ್ಲು ಕೋಲಿನಂತೆ ಇಡಿಯಾಗಿ ಹೊರಬರುತ್ತದೆ, ಅದನ್ನು ಪೆಟ್ಟಿಗೆಯಲ್ಲಿ ಆಳದ ಗುರುತು ಹಾಕಿ ಜೋಡಿಸಿ, ಉದ್ದಕ್ಕೆ ಸೀಳಿ ಅರ್ಧ ಲ್ಯಾಬಿಗೆ ಕಳಿಸಿ ಅರ್ಧ ಉಳಿಸಿಕೊಳ್ಳುತ್ತಾರೆ. ನೀರಿನ ಬೋರ್‌ವೆಲ್ ಲಾರಿ ತಂದು ನಿಲ್ಲಿಸಿ ‘ಪರೀಕ್ಷೆ’ ಅಂದರೆ ನಂಬಬೇಡಿ. ಅದರಲ್ಲಿ ಬರುವುದು ಪುಡಿ. ಮೇಲಿನದೂ ಕೆಳಗಿನದೂ ಬೆರೆತಿರುತ್ತದೆ. ಅಂಥ ಪುಡಿಯಿಂದ ಎಳೆಯ ದಪ್ಪ ಅಳೆಯಲು ಬರುವುದಿಲ್ಲ. ಸ್ಯಾಂಪಲ್ ಎಂದವರು ಟಿಪ್ಪರ್ ತಂದರೆ ಅದು ಗಣಿಗಾರಿಕೆ, ಬೇರೆ ಮಾತೇ ಇಲ್ಲ.

ಬೆಣಚಿನ ವಿಷಯದಲ್ಲಿ ಹಳೇ ಅನುಭವವೂ ಜನರನ್ನು ದಾರಿ ತಪ್ಪಿಸುತ್ತಿದೆ. 2015ರಿಂದ ಅದು ಉಪಖನಿಜಗಳ ಸಾಲಿನಲ್ಲಿತ್ತು, ರಾಜ್ಯದ ನಿಯಮದಂತೆ ನಡೆಯುತ್ತಿತ್ತು. 2025ರ ಫೆಬ್ರವರಿಯಲ್ಲಿ ಬೆಣಚು, ಫೆಲ್ಡ್‌ಸ್ಪಾರ್, ಅಭ್ರಕ, ಬೆರೈಟ್ಸ್ ಈ ನಾಲ್ಕನ್ನೂ ಕೇಂದ್ರ ಪ್ರಧಾನ ಖನಿಜಗಳ ಸಾಲಿಗೆ ಸೇರಿಸಿತು. ಇವುಗಳ ಜೊತೆಯಲ್ಲೇ ಲಿಥಿಯಂನಂಥವು ಸಿಗುತ್ತವೆ, ಅವು ಲೆಕ್ಕಕ್ಕೆ ಸಿಗದೆ ಹೋಗಬಾರದು ಎಂಬುದು ಕಾರಣ. ಈಗ ಹೊಸ ಗಣಿ ಗುತ್ತಿಗೆ ಸಿಗುವುದು ಹರಾಜಿನಲ್ಲಿ. ವೆನೇಡಿಯಂ, ನಿಕಲ್, ಪ್ಲಾಟಿನಂ ಗುಂಪಿನ ಲೋಹಗಳ ಹರಾಜು ನಡೆಸುವುದಂತೂ ಕೇಂದ್ರವೇ. ‘ಹಾಸನದಲ್ಲಿ ನಮ್ಮ ಕಡೆಯವರಿದ್ದಾರೆ, ನಿಮ್ಮ ಹೆಸರಲ್ಲೇ ಲೈಸೆನ್ಸ್ ಮಾಡಿಸ್ತೀವಿ, ಫೈಲ್ ಖರ್ಚಿಗೆ ಐವತ್ತು ಸಾವಿರ ಕೊಡಿ’ ಎಂದು ಈ ರೈತರಿಂದಲೇ ಹಣ ಕಿತ್ತಿದ್ದೂ ಆಗಿದೆ. ಮುಂಗಡದ ಅರ್ಧ ಅಲ್ಲಿಗೇ ವಾಪಸ್.

ಟಿಪ್ಪರು ನಿಂತ ಮೇಲೆ ಫೋನೂ ನಿಂತಿತು. ಬಂದದ್ದು ಇಲಾಖೆಯ ಮಹಜರು, ಹಿಂದೆಯೇ ನೋಟಿಸು. ಗಣಿ ಮತ್ತು ಖನಿಜ ಕಾಯ್ದೆಯ 21ನೇ ಕಲಂನಲ್ಲಿ ಐದು ವರ್ಷದವರೆಗೆ ಜೈಲು, ಹೆಕ್ಟೇರಿಗೆ 5 ಲಕ್ಷದವರೆಗೆ ದಂಡ ಇದೆ. ತೆಗೆದ ಖನಿಜದ ಬೆಲೆ ಮತ್ತು ರಾಜಧನ ವಸೂಲಿ ಬೇರೆ. ಪಹಣಿಯಲ್ಲಿ ಹೆಸರಿದ್ದವರಿಗೇ ಮೊದಲು ನೋಟಿಸು ಬರುವುದು. ಕರಾರು ತೋರಿಸಿದರೆ ನಿಮ್ಮ ಮೇಲಿನ ಆರೋಪ ಇನ್ನೂ ಗಟ್ಟಿಯಾಗುತ್ತದೆ. ವಸೂಲಿ ಬಾಕಿ ಪಹಣಿಯ ಋಣಗಳ ಕಾಲಂಗೆ ಏರಿದರೆ ಬೆಳೆಸಾಲಕ್ಕೂ ಕಲ್ಲು ಬಿತ್ತು.

ಮಹಜರಿನ ದಿನ ರೈತರು ಸುಮ್ಮನೆ ನಿಂತದ್ದರಿಂದ ಇನ್ನೊಂದು ಅನಾಹುತವಾಯಿತು. ಇಡೀ ಗುಂಡಿಯ 450 ಘನ ಮೀಟರನ್ನೂ ಬೆಣಚು ಎಂದೇ ಬರೆದುಕೊಂಡರು. 300 ಟನ್ ಇದ್ದದ್ದು 1,190 ಟನ್ ಆಯಿತು, ಹೆಚ್ಚುಕಮ್ಮಿ ನಾಲ್ಕು ಪಟ್ಟು. ನಿಮಗೆ ಇಂಥ ಗತಿ ಬಂದರೆ ಪಕ್ಕದಲ್ಲಿ ಬಿದ್ದ ಮಣ್ಣಿನ ರಾಶಿಯನ್ನೂ ಅದೇ ಮಹಜರಿನಲ್ಲಿ ಅಳೆಸಿ, ಎಳೆಯ ದಪ್ಪವನ್ನು ಗುಂಡಿಯ ಎರಡೂ ತುದಿಯಲ್ಲಿ ಟೇಪು ಹಿಡಿದು ಬರೆಸಿ. ತೋಡಿದ ಮಣ್ಣು ಉಬ್ಬುತ್ತದೆ. ರಾಶಿಯ ಅಳತೆ, ಗುಂಡಿಯಲ್ಲಿ ಆ ಮಣ್ಣಿದ್ದ ಜಾಗದ ಅಳತೆಗಿಂತ ಕಾಲುಭಾಗದಿಂದ ಮೂರನೇ ಒಂದು ಭಾಗದಷ್ಟು ಜಾಸ್ತಿ ಬಂದರೆ ಗಾಬರಿಯಾಗಬೇಡಿ. ಒಪ್ಪಿಗೆಯಾಗದಿದ್ದರೆ ಸಹಿಯ ಪಕ್ಕ ‘ಆಕ್ಷೇಪಣೆ ಇದೆ’ ಎಂದು ಕೈಯಾರೆ ಬರೆಯಿರಿ.

ಅಷ್ಟಕ್ಕೇ ಮುಗಿಯಲಿಲ್ಲ. ಸಡಿಲ ಮಣ್ಣಿನಲ್ಲಿ ಒಂದೂವರೆ ಮೀಟರಿಗೊಂದು ಮೆಟ್ಟಿಲು ಬಿಡಬೇಕು, ಇಲ್ಲವೇ 45 ಡಿಗ್ರಿಗಿಂತ ಕಡಿದಾಗದಂತೆ ಇಳಿಜಾರು ಮಾಡಬೇಕು ಎಂಬುದು ಗಣಿ ಸುರಕ್ಷತೆಯ ನಿಯಮ. ಇಲ್ಲಿ ಮೂರು ಮೀಟರ್ ನೆಟ್ಟಗೆ ಕಡಿದಿದ್ದರು. ಮೊದಲ ಮಳೆಗೇ ಬದು ಕುಸಿದು ಎರಡು ತೆಂಗು ಗುಂಡಿಗೆ ಬಿದ್ದವು. ಮೇಲ್ಮಣ್ಣನ್ನು ಬೇರೆ ಇಡದೆ ಅಡಿಯ ಹಸಿರು ಕಲ್ಲಿನ ಪುಡಿಯೊಂದಿಗೆ ಕಲಸಿ ಹೊಲಕ್ಕೆ ಹರಡಿದ್ದರು. ಈ ಜಾತಿಯ ಕಲ್ಲಿನಲ್ಲಿ ಮೆಗ್ನೀಸಿಯಂ ವಿಪರೀತ, ಸುಣ್ಣದ ಅಂಶ ಕಡಿಮೆ, ಜೊತೆಗೆ ನಿಕಲ್, ಕ್ರೋಮಿಯಂ. ಅಲ್ಲಿ ಪೈರು ಏಳುವುದು ಕಷ್ಟ.

ಹಾಗಂತ ಅಳತೆಗೆ ಬಂದವರನ್ನೆಲ್ಲ ಅಟ್ಟಬೇಡಿ. ದೇಶಕ್ಕೆ ಅದಿರು ಬೇಕಿರುವುದು ನಿಜ, ಹುಡುಕುವವರೂ ಬೇಕು. ಇಂಥ ಕಳ್ಳರು ತೋಡಿ ಕೆಡಿಸಿದ ಕಡೆ ನಿಜವಾದ ಭೂವಿಜ್ಞಾನಿಗೆ ಓದಲು ಕಲ್ಲೇ ಉಳಿದಿರುವುದಿಲ್ಲ. ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣೆಯವರಾಗಲಿ ಸರ್ಕಾರದಿಂದ ಅಧಿಸೂಚಿತವಾದ ಸಂಸ್ಥೆಯವರಾಗಲಿ ಬಂದರೆ ಆದೇಶದ ಪ್ರತಿ ಕೇಳಿ, ಅದನ್ನು ತಾಲ್ಲೂಕು ಕಚೇರಿಯಲ್ಲಿ ತೋರಿಸಿ ವಿಚಾರಿಸಿ. ಅವರು ನಿಮ್ಮಿಂದ ಹಣ ಕೇಳುವುದಿಲ್ಲ, ಕಲ್ಲು ಕೊಳ್ಳುವುದೂ ಇಲ್ಲ. ಹರಾಜಿನಲ್ಲಿ ಬ್ಲಾಕ್ ಪಡೆದವರು ಬಂದರೆ ನಿಮಗೆ ಸಲ್ಲುವುದು ಜಮೀನಿನ ಮೇಲ್ಮೈ ಬಳಕೆಗೆ ಮತ್ತು ಬೆಳೆ ನಷ್ಟಕ್ಕೆ ಪರಿಹಾರ. ಅದಕ್ಕೆ ಗಣಿ ಮತ್ತು ಖನಿಜ ಕಾಯ್ದೆಯ 24ಎ ಕಲಂ ಇದೆ. ಟನ್ನಿಗೆ ಇಷ್ಟು ಎಂದು ರೇಟು ಹೇಳುವವರು ಈ ಎರಡರಲ್ಲಿ ಯಾರೂ ಅಲ್ಲ.

ಈಗಾಗಲೇ ಸಹಿ ಹಾಕಿದ್ದರೆ ಮಹಜರಿಗೆ ಕಾಯಬೇಡಿ. ಹಾಸನದ ಗಣಿ ಮತ್ತು ಭೂವಿಜ್ಞಾನ ಇಲಾಖೆಗೆ ನೀವೇ ದೂರು ಕೊಡಿ, ಪ್ರತಿ ತಹಶೀಲ್ದಾರರಿಗೆ ಮತ್ತು ಠಾಣೆಗೆ. ಟಿಪ್ಪರುಗಳ ನಂಬರು, ದಿನಾಂಕ ಮತ್ತು ಸ್ಥಳದ ಗುರುತಿರುವ ಫೋಟೋ, ಮುಂಗಡ ಬಂದ ಬ್ಯಾಂಕ್ ಖಾತೆಯ ವಿವರ ಲಗತ್ತಿಸಿ. ಜನರಲ್ ಪವರ್ ಆಫ್ ಅಟಾರ್ನಿ ಬರೆದುಕೊಟ್ಟಿದ್ದರೆ ವಕೀಲರನ್ನು ಕಂಡು ಕೂಡಲೇ ರದ್ದುಪಡಿಸಿ. ನೋಂದಣಿ ಆಗಿದ್ದರೆ ರದ್ದತಿಯೂ ಸಬ್‌ರಿಜಿಸ್ಟ್ರಾರ್ ಕಚೇರಿಯಲ್ಲೇ ನೋಂದಣಿ ಆಗಬೇಕು. ಖಾಲಿ ಚೆಕ್ ಕೊಟ್ಟಿದ್ದರೆ ಬ್ಯಾಂಕಿಗೆ ಲಿಖಿತವಾಗಿ ತಿಳಿಸಿ. ಅಳತೆ ಆಗುವವರೆಗೆ ಗುಂಡಿ ಮುಚ್ಚಬೇಡಿ, ಮುಚ್ಚಿದರೆ ನಿಮ್ಮ ಪರವಾದ ಲೆಕ್ಕವೂ ಮಣ್ಣಾಗುತ್ತದೆ. ಅಂಚಿನಿಂದ ಮೂರು ಮೀಟರ್ ದೂರ ಬಿಟ್ಟು ಮುಳ್ಳುತಂತಿ ಎಳೆಯಿರಿ, ದನಕರು ಬೀಳದಂತೆ. ದೂರಿನ ಪ್ರತಿಯ ಮೇಲೆ ಸ್ವೀಕೃತಿ ಮುದ್ರೆ ಮತ್ತು ದಿನಾಂಕ ಹಾಕಿಸಿಕೊಳ್ಳದೆ ಕಚೇರಿಯಿಂದ ಹೊರಡಬೇಡಿ.