ಕೈಯಲ್ಲೇ ಹಿಡಿದು ಫೋಕಸ್ ಸ್ಟ್ಯಾಕಿಂಗ್: ಒಲಿಂಪಸ್ 60 ಎಂಎಂ ಮ್ಯಾಕ್ರೋ, ನಾಲ್ಕು ವರ್ಷದ ಬಳಕೆಯ ನಂತರ

ಫೋಕಸ್ ಸ್ಟ್ಯಾಕಿಂಗ್ ಎಂದರೆ ಫೋಕಸ್ಸನ್ನು ಸ್ವಲ್ಪ ಸ್ವಲ್ಪವೇ ಸರಿಸುತ್ತಾ ಹಲವು ಚಿತ್ರ ತೆಗೆದು, ಪ್ರತಿಯೊಂದರ ಚೂಪಾದ ಭಾಗವನ್ನು ಸೇರಿಸಿ ಒಂದೇ ಚಿತ್ರ ಮಾಡುವುದು. ಲೆನ್ಸ್ ಒಲಿಂಪಸ್ 60 ಎಂಎಂ ಎಫ್ 2.8 ಮ್ಯಾಕ್ರೋ, ಬಾಡಿ (ಕ್ಯಾಮೆರಾ) ಇ-ಎಂ1 ಮಾರ್ಕ್ 2. ಬಳಕೆ ತುಮಕೂರು ಸುತ್ತಿನ ರಾಗಿ ಹೊಲಗಳಲ್ಲಿ, ದೇವರಾಯನದುರ್ಗದ ಕುರುಚಲು ಕಾಡಿನಲ್ಲಿ. ಟ್ರೈಪಾಡ್ ಇಲ್ಲ. ಬೆಳಿಗ್ಗೆ ಗಾಳಿ ಏಳುವ ಮೊದಲು ಕೆಲಸ ಮುಗಿಸುವವರು ಈ ಜೋಡಿಯನ್ನು ಕಣ್ಣುಮುಚ್ಚಿ ಕೊಳ್ಳಬಹುದು. ಹಗಲಲ್ಲಿ ಫ್ಲ್ಯಾಶ್ ಹಾಕಿ ಸ್ಟ್ಯಾಕ್ ಮಾಡುವ ಆಸೆ ಇದ್ದರೆ ಈ ಬಾಡಿ ಬೇಡ. ಕಾರಣ ಕೆಳಗಿದೆ.

ಲೆನ್ಸ್ ತೂಕ 185 ಗ್ರಾಂ. ಕೈ ನೋಯದಿರುವುದೇ ಇಲ್ಲಿ ಅರ್ಧ ಗೆಲುವು. 1:1ರಲ್ಲಿ, ಅಂದರೆ ಹುಳ ತನ್ನ ನಿಜ ಗಾತ್ರದಲ್ಲೇ ಸೆನ್ಸರಿನ ಮೇಲೆ ಮೂಡುವಾಗ, ಚೌಕಟ್ಟಿಗೆ ಸಿಗುವುದು ಸುಮಾರು 17 ಎಂಎಂ ಅಗಲದ ಜಾಗ, ಲೆನ್ಸಿನ ಮೂತಿಯಿಂದ ಹುಳಕ್ಕೆ 9 ಸೆಂ.ಮೀ. ಅಂತರ. ಅಷ್ಟು ಹತ್ತಿರದಲ್ಲಿ ಹುಡ್ (ಲೆನ್ಸಿನ ಮುಂದಿನ ಬೆಳಕುತಡೆ ಕೊಳವೆ) ಎಳೆದರೆ ಹೂವಿನ ಮೇಲೆ ನೆರಳು ಬೀಳುತ್ತದೆ, ಒಳಗೇ ಇರಲಿ. ಬದಿಯ ಡಯಲ್ಲನ್ನು 0.19–0.4 ಮೀಟರಿಗೆ ಇಟ್ಟುಬಿಡಿ. ಇಲ್ಲದಿದ್ದರೆ ಆಟೋಫೋಕಸ್ ಹಿಂದಿನ ಬದುವಿನವರೆಗೂ ಓಡಿ ವಾಪಸ್ ಬರುವಷ್ಟರಲ್ಲಿ ಚಿಟ್ಟೆ ಹೋಗಿರುತ್ತದೆ.

ಕ್ಯಾಮೆರಾದೊಳಗೇ ಸ್ಟ್ಯಾಕ್ ಮಾಡುವ ಸೌಲಭ್ಯ ಎಂಟು ಚಿತ್ರಗಳನ್ನು ಸೇರಿಸಿ ಒಂದು ಜೆಪೆಗ್ ಕೊಡುತ್ತದೆ, ಸುತ್ತ ಅಂಚನ್ನು ಸ್ವಲ್ಪ ಕತ್ತರಿಸುತ್ತದೆ. ಎಂಟು ಸಾಕೇ ಎಂಬುದು ಎಷ್ಟು ಹತ್ತಿರ ಹೋಗಿದ್ದೀರಿ ಎಂಬುದರ ಮೇಲೆ ನಿಂತಿದೆ. ಎಫ್ 5.6ರಲ್ಲಿ 1:1ಕ್ಕೆ ಹೋದರೆ ಸ್ಪಷ್ಟವಾಗಿ ಕಾಣುವ ಆಳ ಒಂದು ಎಂಎಂನ ಮೂರನೇ ಒಂದು ಭಾಗ. ಪದರಗಳು ಒಂದರ ಮೇಲೊಂದು ಸ್ವಲ್ಪ ಹಾಯಲೇಬೇಕು, ಹಾಗಾಗಿ ಎಂಟರಲ್ಲಿ 2 ಎಂಎಂ ದಾಟುವುದಿಲ್ಲ. ಅರ್ಧ ಗಾತ್ರಕ್ಕೆ, ಅಂದರೆ 1:2ಕ್ಕೆ ಹಿಂದೆ ಸರಿದರೆ ಪ್ರತಿ ಪದರದ ಆಳ ಹೆಚ್ಚುಕಡಿಮೆ 1 ಎಂಎಂ ಆಗಿ, ಅದೇ ಎಂಟರಲ್ಲಿ 5 ಎಂಎಂಗೂ ಮಿಕ್ಕಿ ಸಿಗುತ್ತದೆ. ಅಕ್ಕಡಿ ಸಾಲಿನ ಹುಚ್ಚೆಳ್ಳು ಹೂವಿನ ನಡುಭಾಗಕ್ಕೆ, ಅದರ ಮೇಲೆ ಕೂತ ಗುಲಗಂಜಿ ಹುಳಕ್ಕೆ ಇಷ್ಟು ಧಾರಾಳ. ಎಫ್ 11, 16 ಎಂದು ಅಪರ್ಚರ್ (ಬೆಳಕು ಬರುವ ಕಂಡಿ) ಮುಚ್ಚಿ ಆಳ ಗಿಟ್ಟಿಸಲು ಹೋಗಬೇಡಿ. 1:1ರಲ್ಲಿ ಎಫ್ 8 ಕೂಡ ಎಫ್ 16ರಂತೆಯೇ ನಡೆದುಕೊಳ್ಳುತ್ತದೆ. ಬೆಳಕೂ ಹೋಗುತ್ತದೆ, ಕೂದಲಿನ ಚೂಪೂ ಹೋಗುತ್ತದೆ.

ಅದಕ್ಕಿಂತ ಆಳ ಬೇಕಾದಾಗ ಫೋಕಸ್ ಬ್ರ್ಯಾಕೆಟಿಂಗ್. ಇದು ಚಿತ್ರಗಳನ್ನು ತೆಗೆದು ಕೊಡುತ್ತದೆ ಅಷ್ಟೇ, ಸೇರಿಸುವುದು ಮನೆಗೆ ಬಂದ ಮೇಲೆ ಕಂಪ್ಯೂಟರಿನಲ್ಲಿ. ಸಂಜೆ ನೀಲಿಪಟ್ಟೆಯ ಜೇನುನೊಣಗಳು ಒಣಹುಲ್ಲಿನ ಕಡ್ಡಿಯನ್ನು ದವಡೆಯಲ್ಲಿ ಕಚ್ಚಿಕೊಂಡು, ಕಾಲು ಮಡಚಿ, ಮೈಯನ್ನು ಗಾಳಿಯಲ್ಲಿ ಚಾಚಿ ನಿದ್ದೆ ಮಾಡುತ್ತವೆ. ಬೆಳಿಗ್ಗೆ ಬಿಸಿಲು ಮೈಗೆ ತಾಗುವವರೆಗೂ ಹಾಗೇ ಇರುತ್ತವೆ. ಮೀಸೆಯ ತುದಿಯಿಂದ ಕಣ್ಣಿನ ಹಿಂದಿನ ಅಂಚಿಗೆ 4 ಎಂಎಂ ಎಂದಿಟ್ಟುಕೊಂಡರೂ 1:1ರಲ್ಲಿ ಇಪ್ಪತ್ತು ಚಿತ್ರ ಬೇಕು. ಸೆಟ್ಟಿಂಗ್: 25 ಚಿತ್ರ, ಹೆಜ್ಜೆಯ ಅಂತರ 3 (ಮೆನುವಿನ ಅಂಕಿ, ಎಂಎಂ ಅಲ್ಲ), ಎಫ್ 5.6, 1/200 ಸೆಕೆಂಡ್, ಐಎಸ್‌ಒ 800. ಬ್ರ್ಯಾಕೆಟಿಂಗ್ ಫೋಕಸ್ ಇಟ್ಟ ಜಾಗದಿಂದ ಹಿಂದಕ್ಕೆ ಮಾತ್ರ ಹೋಗುತ್ತದೆ. ಆದ್ದರಿಂದ ಕಣ್ಣಿಗೆ ಫೋಕಸ್ ಮಾಡುವ ಅಭ್ಯಾಸ ಬಿಟ್ಟು, ಮೀಸೆಯ ತುದಿಗಿಂತ ಕೂದಲೆಳೆಯಷ್ಟು ಮುಂದೆ ಶುರು ಮಾಡಿ. ಹೊಸಬರ ಸ್ಟ್ಯಾಕ್‌ಗಳಲ್ಲಿ ಮೂತಿ ಮಸುಕಾಗಿ, ಬೆನ್ನು ಮಾತ್ರ ಚೂಪಾಗಿರುವುದಕ್ಕೆ ಕಣ್ಣಿನಿಂದ ಶುರು ಮಾಡುವುದೇ ಕಾರಣ.

ಈಗ ಕೈಯ ವಿಷಯ, ಸ್ಟ್ಯಾಕ್ ಕೆಡುವುದೇ ಇಲ್ಲಿ. ಬಾಡಿಯ ಸ್ಟೆಬಿಲೈಸರ್ ಮೇಲೆ-ಕೆಳಗೆ, ಅಕ್ಕಪಕ್ಕದ ಅಲುಗಾಟವನ್ನು ತಡೆಯುತ್ತದೆ. ಮೈ ಮುಂದಕ್ಕೆ-ಹಿಂದಕ್ಕೆ ತೂಗುವುದನ್ನು ತಡೆಯಲು ಅದಕ್ಕೆ ಆಗುವುದಿಲ್ಲ. ನಡುವೆ ಅರ್ಧ ಎಂಎಂ ಮುಂದೆ ವಾಲಿದರೂ ಎರಡು ಪದರ ತಪ್ಪಿ, ಹುಳದ ಮುಖದ ಮೇಲೆ ಮಸುಕು ಪಟ್ಟಿ ಬೀಳುತ್ತದೆ. ಮಂಡಿಯೂರಿ, ಮೊಣಕೈಯನ್ನು ಮಂಡಿಗೆ ಒತ್ತಿ. ಎದೆಮಟ್ಟದ ಬಿದಿರುಕೋಲನ್ನು ನೆಲಕ್ಕೆ ಊರಿ, ಎಡಗೈಯಲ್ಲಿ ಕೋಲು ಮತ್ತು ಲೆನ್ಸ್ ಎರಡನ್ನೂ ಸೇರಿಸಿ ಹಿಡಿಯಿರಿ. ಗಿಡದ ಕಡ್ಡಿಯನ್ನು ಬಟ್ಟೆ ಕ್ಲಿಪ್ಪಿನಿಂದ ಅದೇ ಕೋಲಿಗೆ ಮೆಲ್ಲಗೆ ಸಿಕ್ಕಿಸಿದರೆ ಹೂವೂ ಕ್ಯಾಮೆರಾವೂ ಒಟ್ಟಿಗೆ ತೂಗುತ್ತವೆ. ಈ ಒಂದು ಉಪಾಯ ಯಾವ ದುಬಾರಿ ಉಪಕರಣಕ್ಕೂ ಕಡಿಮೆಯಲ್ಲ. ಉಸಿರು ಅರ್ಧ ಬಿಟ್ಟು ಒತ್ತಿ. ಪ್ರತಿ ಹುಳಕ್ಕೆ ನಾಲ್ಕೈದು ಸೆಟ್ ತೆಗೆದರೆ ಒಂದಾದರೂ ಕೂಡುತ್ತದೆ.

ಫ್ಲ್ಯಾಶ್: ಬ್ರ್ಯಾಕೆಟಿಂಗ್‌ನಲ್ಲಿ ಎಲೆಕ್ಟ್ರಾನಿಕ್ ಶಟರ್ ನಡೆಯುವುದರಿಂದ ಈ ಬಾಡಿಯಲ್ಲಿ ಫ್ಲ್ಯಾಶ್ ಜೊತೆಗಿನ ಶಟರ್ ವೇಗ 1/50 ಸೆಕೆಂಡಿಗೆ ನಿಲ್ಲುತ್ತದೆ. ಹಗಲಲ್ಲಿ 1/50ಕ್ಕೆ ಸುತ್ತಲಿನ ಬೆಳಕೇ ಸಾಕಷ್ಟು ಒಳನುಗ್ಗಿ, ಫ್ಲ್ಯಾಶಿನ ಚೂಪು ಚಿತ್ರದ ಪಕ್ಕದಲ್ಲೇ ಅಲುಗಿದ ನೆರಳುಚಿತ್ರ ಮೂಡುತ್ತದೆ. ಬೆಳಕು ಹರಿಯುವ ಮೊದಲು ಅಥವಾ ರಾತ್ರಿ ಮಾತ್ರ ಇದು ಸರಿ. ಬಿಸಿಲೇರಿದ ಮೇಲೆ ಬಿಳಿ ಪಂಚೆಯ ತುಂಡನ್ನು ಹೂವಿನ ಮೇಲೆ ಹಿಡಿಸಿ, ಫ್ಲ್ಯಾಶ್ ಇಲ್ಲದೆ ತೆಗೆಯುವುದು ಮೇಲು.

ಕಂಪ್ಯೂಟರಿನಲ್ಲಿ ಚಿತ್ರಗಳನ್ನು ಸೇರಿಸಲು ಹೆಲಿಕಾನ್ ಫೋಕಸ್ ಅಥವಾ ಝಿರೀನ್ ಸ್ಟ್ಯಾಕರ್ ತಂತ್ರಾಂಶ. ಮೊದಲು ಅಲುಗಿದ ಚಿತ್ರಗಳನ್ನು ಕಣ್ಣಾರೆ ನೋಡಿ ತೆಗೆದುಹಾಕಿ. ಒಂದರ ಮೇಲೊಂದು ಹಾಯುವ ಕೂದಲು, ಕಾಲುಗಳಿದ್ದರೆ ಹೆಲಿಕಾನ್‌ನ ಸಿ ವಿಧಾನ ಅಥವಾ ಝಿರೀನ್‌ನ ಪಿಮ್ಯಾಕ್ಸ್. ನುಣುಪಾದ ಎಸಳಿಗೆ ಬಿ ಅಥವಾ ಡಿಮ್ಯಾಪ್, ಬಣ್ಣ ಹಾಗೇ ಉಳಿಯುತ್ತದೆ. ಕೈಯಲ್ಲಿ ತೆಗೆದ ಸೆಟ್ ಹೊಂದಿಸುವಾಗ ಅಂಚು ಹೋಗುತ್ತದೆ, ಆದ್ದರಿಂದ ತೆಗೆಯುವಾಗಲೇ ಸುತ್ತ ಜಾಗ ಬಿಡಿ.

ಹೊಲದ ಧೂಳು, ಇಬ್ಬನಿ ಇದುವರೆಗೆ ಒಳಗೆ ಹೋಗಿಲ್ಲ. ತೊಂದರೆ ಕೊಡುವುದು ಅವರೆ ಗಿಡದ ಸೊಗಡು. ಅಂಟು ಗಾಜಿನ ಮೇಲೆ ಕೂತು ಕೆಂಪು ಧೂಳನ್ನು ಹಿಡಿದಿಡುತ್ತದೆ. 46 ಎಂಎಂ ಫಿಲ್ಟರ್ ಹಾಕಿ, ಮೊದಲು ಬ್ಲೋಯರ್‌ನಿಂದ ಊದಿ, ಆಮೇಲೆ ಬಟ್ಟೆ. ಊದದೆ ಒರೆಸಿದರೆ ಗೀರು ಬೀಳುತ್ತದೆ.