ಹಳೆಯ ಸಿಎನ್‌ಸಿ ರೂಟರ್‌ಗೆ ಯಾವ ಸ್ಕ್ರೂ, ಯಾವ ಕಂಟ್ರೋಲರ್?

ಎಂಡಿಎಫ್ (ಮರದ ನಾರನ್ನು ಒತ್ತಿ ಮಾಡಿದ) ಹಲಗೆ, ಡ್ರಾಯರ್‌ನ ಹಳಿ ಮತ್ತು ಹಾರ್ಡ್‌ವೇರ್ ಅಂಗಡಿಯ ಎಂ8 ಥ್ರೆಡೆಡ್ ರಾಡ್ (8 ಮಿ.ಮೀ. ದಪ್ಪದ, ಉದ್ದಕ್ಕೂ ಎಳೆ ಕೊರೆದ ಸಲಾಕೆ) ಬಳಸಿ 2013ರಲ್ಲಿ ನಾನೇ ಕಟ್ಟಿದ್ದ ಸಿಎನ್‌ಸಿ ರೂಟರ್ (ಕಂಪ್ಯೂಟರಿನ ಆದೇಶದಂತೆ ಮರ ಕೊರೆಯುವ ಯಂತ್ರ) ಹಲವು ಮಳೆಗಾಲಗಳನ್ನು ಕಂಡು ಸೊರಗಿತ್ತು. ತೇವಕ್ಕೆ ಊದಿಕೊಂಡ ಚೌಕಟ್ಟನ್ನು ತೆಗೆದು ಅಲ್ಯೂಮಿನಿಯಂ ಪ್ರೊಫೈಲ್ ಹಾಕಲು, ಡ್ರಾಯರ್ ಹಳಿಗಳ ಜಾಗದಲ್ಲಿ 15 ಮಿ.ಮೀ. ಲೀನಿಯರ್ ರೈಲ್ ಕೂರಿಸಲು ಹೆಚ್ಚು ಯೋಚಿಸಬೇಕಾಗಲಿಲ್ಲ. ಯೋಚನೆಗೆ ಹಚ್ಚಿದ್ದು ಮೋಟಾರಿನ ಸುತ್ತನ್ನು ನೇರ ಚಲನೆಯಾಗಿಸುವ ಸ್ಕ್ರೂ ಮತ್ತು ಮೋಟಾರುಗಳನ್ನು ನಡೆಸುವ ಕಂಟ್ರೋಲರ್. ಬೆಂಗಳೂರಿನ ಎಸ್.ಪಿ. ರಸ್ತೆಯಿಂದ ಬಿಡಿಭಾಗಗಳನ್ನು ತಂದು, ಎಕ್ಸ್ ಅಕ್ಷದಲ್ಲಿ ಮೂರು ಬಗೆಯ ಸ್ಕ್ರೂಗಳನ್ನು ಒಂದಾದ ಮೇಲೊಂದು ಜೋಡಿಸಿ, ಅದೇ ಮೋಟಾರು, ಅದೇ 3 ಮಿ.ಮೀ. ಕಟರ್‌ನಿಂದ ತೇಗದ ಹಲಗೆಯಲ್ಲಿ ಒಂದೇ ವೃತ್ತವನ್ನು ಕೊರೆದು ನೋಡಿದೆ.

ಎಂ8 ರಾಡಿನ ಎಳೆ ಬಿಗಿಯುವುದಕ್ಕೆ ಮಾಡಿದ್ದೇ ಹೊರತು ಚಲಿಸುವುದಕ್ಕಲ್ಲ. ರಾಡ್ ಒಂದು ಸುತ್ತು ತಿರುಗಿದರೆ ನಟ್ ಸಾಗುವುದು 1.25 ಮಿ.ಮೀ. ಮಾತ್ರ, ವೇಗ ಹೆಚ್ಚಿಸಿದರೆ ರಾಡ್ ಚಾಟಿಯಂತೆ ಕುಣಿಯುತ್ತಿತ್ತು. ದಿಕ್ಕು ಹೊರಳುವಾಗ ಡಯಲ್ ಗೇಜ್ 0.35 ಮಿ.ಮೀ. ಬ್ಯಾಕ್‌ಲ್ಯಾಶ್ (ಎಳೆ ಮತ್ತು ನಟ್ ನಡುವಿನ ಸಡಿಲ) ತೋರಿಸಿತು, ವೃತ್ತದ ಎರಡು ಬದಿಗಳಲ್ಲಿ ಸಣ್ಣ ಮೆಟ್ಟಿಲು ಮೂಡಿತು. ಚಲನೆಗೆಂದೇ ಮಾಡಿದ, ಪ್ರತಿ ಸುತ್ತಿಗೆ 8 ಮಿ.ಮೀ. ಸಾಗುವ ಟಿ8 ಲೀಡ್ ಸ್ಕ್ರೂವಿಗೆ, ಸಡಿಲವನ್ನು ಸ್ಪ್ರಿಂಗ್‌ನಿಂದ ಒತ್ತಿಹಿಡಿಯುವ ನಟ್ ಹಾಕಿದಾಗ ಇದು 0.08ಕ್ಕೆ ಇಳಿಯಿತು. ಆದರೆ ಒಂದೇ ಬಾರಿಗೆ 2 ಮಿ.ಮೀ. ಆಳ ಇಳಿಸಿದರೆ ಕೊರೆತದ ಬಲಕ್ಕೆ ಸ್ಪ್ರಿಂಗ್ ಮಣಿದು ಗೆರೆ ಸರಿಯುತ್ತಿತ್ತು. 16 ಮಿ.ಮೀ. ದಪ್ಪದ, ಸುತ್ತಿಗೆ 5 ಮಿ.ಮೀ. ಸಾಗುವ 1605 ಬಾಲ್ ಸ್ಕ್ರೂ (ಎಳೆ ಮತ್ತು ನಟ್ ನಡುವೆ ಉಕ್ಕಿನ ಗುಂಡುಗಳು ಉರುಳುವ ಬಗೆ) 0.04ರಲ್ಲಿ ನಿಂತಿತು, ಆಳ ಹೆಚ್ಚಿಸಿದರೂ ಕದಲಲಿಲ್ಲ. ಮೂರರಲ್ಲಿ ಇದೇ ದುಬಾರಿ, ಇದರ ಬೇರಿಂಗ್‌ಗಳನ್ನು ರೈಲಿಗೆ ಸಮಾನಾಂತರವಾಗಿ ಕೂರಿಸಲು ಒಂದು ಭಾನುವಾರವೇ ಕಳೆಯಿತು. ಆದರೂ ಎಕ್ಸ್ ಮತ್ತು ವೈ ಅಕ್ಷಗಳಿಗೆ ನಾನು ಇದನ್ನೇ ಉಳಿಸಿಕೊಂಡೆ.

ಕಟರನ್ನು ಮೇಲೆ ಕೆಳಗೆ ಸರಿಸುವ ಝಡ್ ಅಕ್ಷದ ಮಾತು ಬೇರೆ. ಉಜ್ಜಾಟ ತೀರಾ ಕಡಿಮೆಯಿರುವ ಬಾಲ್ ಸ್ಕ್ರೂ, ಕರೆಂಟು ಹೋದ ಕೂಡಲೇ ಸ್ಪಿಂಡಲ್‌ನ (ಕಟರ್ ತಿರುಗಿಸುವ ಮೋಟಾರಿನ) ಭಾರಕ್ಕೆ ತಾನಾಗಿಯೇ ತಿರುಗಿ ಕಟರನ್ನು ಮರಕ್ಕೆ ಇಳಿಸಿಬಿಡುತ್ತದೆ. ನಮ್ಮ ಮನೆಯಂತೆ ದಿನಕ್ಕೆರಡು ಬಾರಿ ಕರೆಂಟು ಹೋಗುವ ಕಡೆ ಇದು ಸಣ್ಣ ವಿಷಯವಲ್ಲ. ಅಲ್ಲಿಗೆ ಸುತ್ತಿಗೆ 2 ಮಿ.ಮೀ. ಸಾಗುವ 10 ಮಿ.ಮೀ. ಟ್ರಪೆಜಾಯ್ಡಲ್ (ತ್ರಾಪಿಜ್ಯ ಆಕಾರದ ಎಳೆಯ) ಸ್ಕ್ರೂ ಹಾಕಿದೆ. ಅದು ತನ್ನ ಉಜ್ಜಾಟದಿಂದಲೇ ಭಾರವನ್ನು ಹಿಡಿದಿಡುತ್ತದೆ. ಭಾರ ಸದಾ ಕೆಳಕ್ಕೆ ಎಳೆಯುವುದರಿಂದ ಅಲ್ಲಿ ಬ್ಯಾಕ್‌ಲ್ಯಾಶ್ ಅಷ್ಟಾಗಿ ಕಾಡುವುದಿಲ್ಲ.

ಕಂಟ್ರೋಲರ್‌ಗಳಲ್ಲಿ ಪ್ಯಾರಲಲ್ ಪೋರ್ಟ್ (ಹಿಂದೆ ಪ್ರಿಂಟರ್ ಜೋಡಿಸುತ್ತಿದ್ದ ಕಿಂಡಿ) ಇರುವ ಹಳೆಯ ಕಂಪ್ಯೂಟರಿನ ಮೇಲೆ ಲಿನಕ್ಸ್‌ಸಿಎನ್‌ಸಿ ಎಂಬ ತಂತ್ರಾಂಶವನ್ನೂ ಆರ್ಡುಯಿನೊ ಊನೊ ಎಂಬ ಪುಟ್ಟ ಬೋರ್ಡಿನ ಮೇಲೆ ಜಿಆರ್‌ಬಿಎಲ್ ಎಂಬ ತಂತ್ರಾಂಶವನ್ನೂ ನಡೆಸಿದೆ. ಜಿಆರ್‌ಬಿಎಲ್ ಒಂದು ಗಂಟೆಯಲ್ಲಿ ಸಿದ್ಧವಾಯಿತು. ಅದು ಸೆಕೆಂಡಿಗೆ ಸುಮಾರು 30,000 ಪಲ್ಸ್ (ಮೋಟಾರನ್ನು ಒಂದೊಂದು ಹೆಜ್ಜೆ ತಿರುಗಿಸುವ ವಿದ್ಯುತ್ ಸಂಕೇತ) ಕೊಡಬಲ್ಲದು. ಸುತ್ತಿಗೆ 1,600 ಪಲ್ಸ್ ಬೇಡುವ ನನ್ನ ಮೋಟಾರಿಗೆ ಎಂ8 ರಾಡ್ ಇದ್ದಾಗ ಅದು ಸೆಕೆಂಡಿಗೆ 23 ಮಿ.ಮೀ.ಗೇ ಮುಗಿಯುತ್ತಿತ್ತು, ಬಾಲ್ ಸ್ಕ್ರೂ ಬಂದ ಮೇಲೆ 93 ಮಿ.ಮೀ.ವರೆಗೂ ಸಾಲುತ್ತದೆ. ಲಿನಕ್ಸ್‌ಸಿಎನ್‌ಸಿಯ ಲೇಟೆನ್ಸಿ (ಪಲ್ಸ್ ಕೊಡುವಲ್ಲಿ ಆಗುವ ವಿಳಂಬ) ಸರಿಪಡಿಸಲು ಎರಡು ಸಂಜೆಗಳೇ ಬೇಕಾದವು. ಅದರ ಬ್ಯಾಕ್‌ಲ್ಯಾಶ್ ತಿದ್ದುಪಡಿಯನ್ನು ನೆಚ್ಚಿ ಹಳೆಯ ರಾಡನ್ನೇ ಉಳಿಸಿಕೊಳ್ಳಬಹುದೆಂದು ಮೊದಲು ಭಾವಿಸಿದ್ದೆ. ಆದರೆ ಮರವೇ ಕಟರನ್ನು ಸಡಿಲದೊಳಗೆ ಎಳೆದುಕೊಳ್ಳುವಾಗ ಯಾವ ತಿದ್ದುಪಡಿಯೂ ನೆರವಿಗೆ ಬರಲಿಲ್ಲ. ಅಕ್ಷರ ಕೆತ್ತಿದ ನಾಮಫಲಕಗಳಲ್ಲಿ ಎರಡರ ನಡುವೆ ವ್ಯತ್ಯಾಸ ಕಾಣಲಿಲ್ಲ. ಸಾವಿರಾರು ಪುಟ್ಟ ಗೆರೆಗಳಿಂದ ಕೂಡಿದ ಉಬ್ಬುಶಿಲ್ಪದ ಫೈಲಿನಲ್ಲಿ ಮಾತ್ರ ಜಿಆರ್‌ಬಿಎಲ್ ಅಲ್ಲಲ್ಲಿ ತಡವರಿಸಿ ಮರದ ಮೇಲೆ ಸುಟ್ಟ ಚುಕ್ಕೆಗಳನ್ನು ಬಿಟ್ಟಿತು. ಲಿನಕ್ಸ್‌ಸಿಎನ್‌ಸಿ ಅದೇ ಫೈಲನ್ನು ಎಲ್ಲೂ ನಿಲ್ಲದೆ ಮುಗಿಸಿತು. ನಾನು ಕೆತ್ತುವುದು ಹೆಚ್ಚಾಗಿ ದೇವರಮನೆ ಬಾಗಿಲಿನ ಫಲಕಗಳಾದ್ದರಿಂದ ಆ ಹಳೆಯ ಕಂಪ್ಯೂಟರ್ ಈಗ ಯಂತ್ರದ ಪಕ್ಕದಲ್ಲೇ ಇದೆ.