ಬಿಪಿ ಮಾತ್ರೆ ತಗೊಳ್ಳುವವರು ‘ಕಡಿಮೆ ಸೋಡಿಯಂ ಉಪ್ಪು’ ಬಳಸುವ ಮುಂಚೆ ಓದಿ

ಮನೆಯಲ್ಲಿ ಕಡಿಮೆ ಸೋಡಿಯಂ ಉಪ್ಪಿನ ಪ್ಯಾಕೆಟ್ ಇದ್ದರೆ ಹಿಂಬದಿ ತಿರುಗಿಸಿ ನೋಡಿ. ಸಾಮಾನ್ಯವಾಗಿ ಸಣ್ಣ ಅಕ್ಷರದಲ್ಲಿ ಪೊಟ್ಯಾಸಿಯಂ ಕ್ಲೋರೈಡ್ ಅಂತ ಇರುತ್ತದೆ. ಮಾಮೂಲಿ ಉಪ್ಪಿನ ಒಂದು ಪಾಲಿನ ಬದಲು ಹಾಕುವ ಪೊಟ್ಯಾಸಿಯಂ ಉಪ್ಪು ಅದು. ನಮ್ಮ ಅಪ್ಪ ಐಸಿಯು ಸೇರುವ ಹಾಗಾಗಿದ್ದು ಅದರಿಂದಲೇ.

ಅಪ್ಪನಿಗೆ ಬಿಪಿ, ಜೊತೆಗೆ ಶುಗರ್. ಯಾರೋ ಹೇಳಿದರು ಅಂತ ಆನ್‌ಲೈನ್‌ನಲ್ಲಿ ಒಬ್ಬ ಡಯಟ್ ಸಲಹೆಗಾರರ ಹತ್ತಿರ ದುಡ್ಡು ಕೊಟ್ಟು ಚಾರ್ಟ್ ಮಾಡಿಸಿಕೊಂಡರು. ಆ ಮನುಷ್ಯ ತೂಕ ಕೇಳಿದರು, ಎತ್ತರ ಕೇಳಿದರು, ರಾತ್ರಿ ಎಷ್ಟು ಗಂಟೆಗೆ ಮಲಗುತ್ತೀರಿ ಅಂತಲೂ ಕೇಳಿದರು. ಯಾವ ಮಾತ್ರೆ ನುಂಗುತ್ತೀರಿ ಅಂತ ಮಾತ್ರ ಕೇಳಲಿಲ್ಲ! ಚಾರ್ಟಿನ ಮೊದಲ ಸಾಲೇ ಉಪ್ಪು ಬದಲಿಸಿ ಅಂತ. ಬಿಪಿಗೆ ಒಳ್ಳೆಯ ಉಪ್ಪು ಅಂದಮೇಲೆ ಕೈ ಬಿಗಿ ಹಿಡಿಯುವವರು ಯಾರು? ಯಾಕೋ ಕಹಿ ಕಹಿ ಅಂತ ಗೊಣಗುತ್ತಲೇ ಅಪ್ಪ ಇನ್ನೊಂದು ಚಿಟಿಕೆ ಉದುರಿಸಿಕೊಳ್ಳುತ್ತಿದ್ದರು.

ಆಮೇಲೆ ಕಾಲಲ್ಲಿ ಶಕ್ತಿ ಇಲ್ಲ ಅನ್ನತೊಡಗಿದರು. ಸಲಹೆಗಾರರಿಗೆ ಮೆಸೇಜ್ ಹಾಕಿದರೆ ‘ಡಿಟಾಕ್ಸ್ ಆಗ್ತಿದೆ, ಮುಂದುವರಿಸಿ’ ಅಂತ ಉತ್ತರ. ಒಂದು ಬೆಳಗ್ಗೆ ಕುರ್ಚಿಯ ಎರಡೂ ಕೈ ಹಿಡಿದು ಏಳಲು ನೋಡಿದರು, ಆಗಲೇ ಇಲ್ಲ. ಆಸ್ಪತ್ರೆಯಲ್ಲಿ ರಕ್ತ ಪರೀಕ್ಷೆ ಮಾಡಿದಾಗ ಪೊಟ್ಯಾಸಿಯಂ 6.8. ಇರಬೇಕಾದ್ದು ಸುಮಾರು 3.5ರಿಂದ 5. ಇಸಿಜಿಯೂ ಸರಿ ಇರಲಿಲ್ಲ. ಹೃದಯದ ಬಡಿತ ತಪ್ಪದಿರಲಿ ಅಂತ ಮೊದಲು ಕ್ಯಾಲ್ಸಿಯಂ ಇಂಜೆಕ್ಷನ್ ಕೊಟ್ಟರು, ಆಮೇಲೆ ರಕ್ತದಲ್ಲಿನ ಪೊಟ್ಯಾಸಿಯಂ ಇಳಿಸಲು ಗ್ಲೂಕೋಸ್ ಜೊತೆ ಇನ್ಸುಲಿನ್. ಈಗ ಹುಷಾರಾಗಿದ್ದಾರೆ.

ಅಪ್ಪ ತಗೊಳ್ಳುವುದು ಟೆಲ್ಮಿಸಾರ್ಟಾನ್. ಈ ಮಾತ್ರೆ ತಗೊಂಡಾಗ ಕಿಡ್ನಿ ಪೊಟ್ಯಾಸಿಯಂ ಹೊರಹಾಕುವುದು ಕಡಿಮೆಯಾಗುತ್ತದೆ. ಲೊಸಾರ್ಟಾನ್, ರಾಮಿಪ್ರಿಲ್, ಎನಲಾಪ್ರಿಲ್, ಸ್ಪೈರೊನೊಲ್ಯಾಕ್ಟೋನ್ ಕೂಡ ಹಾಗೇ. ಜೊತೆಗೆ ಶುಗರ್‌ನಿಂದ ಕಿಡ್ನಿ ಸ್ವಲ್ಪ ಸೋತಿದ್ದರಂತೂ ಕೇಳಲೇಬೇಡಿ. ಹೊರಗೆ ಹೋಗುವ ದಾರಿ ಕಿರಿದಾಗಿದೆ, ಮೇಲಿಂದ ಊಟದಲ್ಲಿ ಅದನ್ನೇ ತುಂಬುತ್ತಿದ್ದೀರಿ.

ಹಾಗಂತ ಈ ಉಪ್ಪೇ ಕೆಟ್ಟದ್ದು ಅಂತಲ್ಲ. ವಿಶ್ವ ಆರೋಗ್ಯ ಸಂಸ್ಥೆ 2025ರಲ್ಲಿ ವಯಸ್ಕರಿಗೆ ಇದನ್ನು ಬಳಸಬಹುದು ಅಂತಲೇ ಹೇಳಿದೆ. ಆದರೆ ಕಿಡ್ನಿ ತೊಂದರೆ ಇರುವವರನ್ನು, ಪೊಟ್ಯಾಸಿಯಂ ಸರಿಯಾಗಿ ಹೊರಹೋಗದವರನ್ನು, ಗರ್ಭಿಣಿಯರನ್ನು, ಮಕ್ಕಳನ್ನು ಅದರಿಂದ ಹೊರಗಿಟ್ಟಿದೆ. ಅಷ್ಟನ್ನು ಓದುವ ತಾಳ್ಮೆ ನಮ್ಮ ಸಲಹೆಗಾರರಿಗೆ ಇರಲಿಲ್ಲ, ಅಲ್ವಾ!

ಇನ್ನೊಂದು ವಿಷಯ. ಪೊಟ್ಯಾಸಿಯಂ ಏರಿದರೂ ಎಷ್ಟೋ ಜನರಿಗೆ ಏನೂ ಅನ್ನಿಸುವುದಿಲ್ಲ. ಹಾಗಾಗಿ ಈಗಾಗಲೇ ಈ ಉಪ್ಪು ಬಳಸುತ್ತಿದ್ದು, ಮೇಲಿನ ಮಾತ್ರೆಗಳಲ್ಲಿ ಯಾವುದಾದರೂ ನಡೆಯುತ್ತಿದ್ದರೆ ಉಪ್ಪು ಪಕ್ಕಕ್ಕಿಡಿ. ಮಾತ್ರೆಯನ್ನು ನೀವಾಗಿಯೇ ನಿಲ್ಲಿಸಬೇಡಿ. ಡಾಕ್ಟರಿಗೆ ಪ್ಯಾಕೆಟ್ ತೋರಿಸಿ, ಪೊಟ್ಯಾಸಿಯಂ ಮತ್ತು ಕ್ರಿಯಾಟಿನಿನ್ (ಕಿಡ್ನಿ ಹೇಗೆ ಕೆಲಸ ಮಾಡುತ್ತಿದೆ ಅಂತ ತೋರಿಸುವ ರಕ್ತ ಪರೀಕ್ಷೆ) ಪರೀಕ್ಷೆ ಬೇಕಾ ಕೇಳಿ.